ಪೇಲಿನ್ ಕನ್ನಡಕ: ಕವಾಸಾಕಿ 704 ಫ್ರೇಮು, 16 ವರ್ಷ ಹಾಕ್ಕೊಂಡ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಈ ಕನ್ನಡಕ ನಾನು ತಗೊಂಡಿದ್ದು ಸಾರಾ ಪೇಲಿನ್ನ ನೋಡಿ ಅಲ್ಲ. 16 ವರ್ಷದಿಂದ ಇದನ್ನೇ ಹೇಳ್ಕೊಂಡು ಬಂದಿದೀನಿ, ಒಬ್ರೂ ನಂಬಲ್ಲ. ನಾನು ತಗೊಂಡಿದ್ದು 2008ರ ಏಪ್ರಿಲ್‌ನಲ್ಲಿ, ಒಹಾಯೋದ ಕೊಲಂಬಸ್‌ನಲ್ಲಿ. ಅಲಾಸ್ಕಾ ಗವರ್ನರ್ ಆಗಿದ್ದ ಆಯಮ್ಮನ್ನ ರಿಪಬ್ಲಿಕನ್ ಪಾರ್ಟಿಯ ಅಧ್ಯಕ್ಷ ಅಭ್ಯರ್ಥಿ ಮೆಕೇನ್, ಇವ್ರೇ ನಮ್ಮ ಉಪಾಧ್ಯಕ್ಷ ಅಭ್ಯರ್ಥಿ ಅಂತ ಕರ್ಕೊಂಡು ಬಂದು ಸ್ಟೇಜ್ ಹತ್ತಿಸಿದ್ದು ಅದೇ ವರ್ಷ ಆಗಸ್ಟ್ 29ಕ್ಕೆ. ನಾಲ್ಕು ತಿಂಗಳು ನಾನೇ ಸೀನಿಯರ್ರು. ಆದ್ರೆ ಅವತ್ತಿಂದ ನವೆಂಬರ್ 4ರ ಚುನಾವಣೆ ತನಕ ನಂಗೆ ನನ್ನ ಹೆಸ್ರೇ ಇರ್ಲಿಲ್ಲ, ಎಲ್ಲಿ ಹೋದ್ರೂ ಗವರ್ನರ್, ಗವರ್ನರ್.

ಮಾಡೆಲ್ ಯಾವ್ದು ಅಂತ ಕೇಳೋರಿಗೆ: ಕಝುವೊ ಕವಾಸಾಕಿ 704, ಬಣ್ಣದ ನಂಬರ್ 34, ಅಂದ್ರೆ ಬೂದು ಬಣ್ಣ. ಆಯಮ್ಮ ಹಾಕ್ತಿದ್ದಿದ್ದೂ ಇದೇ 34. ಟೈಟಾನಿಯಂ, ರಿಮ್‌ಲೆಸ್. ಗಾಜಿನ ಸುತ್ತ ಚೌಕಟ್ಟಿಲ್ಲ, ಎರಡು ಗಾಜು, ಮಧ್ಯೆ ಒಂದು ಸೇತುವೆ, ಎರಡು ಕಡ್ಡಿ, ಅಷ್ಟೇ. ಫ್ರೇಮಿಗೆ ಆಗ 375 ಡಾಲರ್ ಆಸುಪಾಸು, ಲೆನ್ಸು ಬೇರೆ. ಆಫೀಸಿನ ಇನ್ಶೂರೆನ್ಸು ಕೊಟ್ಟಿದ್ದು 130, ಮಿಕ್ಕಿದ್ದು ನಮ್ಮ ಜೇಬಿಂದ. ಬಿಲ್ ನೋಡಿ ನನ್ನ ಗಂಡ ಅಂಗಡಿಯವನ ಮುಂದೇನೇ ಕನ್ನಡದಲ್ಲಿ, "ಫ್ರೇಮೇ ಇಲ್ದಿರೋ ಫ್ರೇಮಿಗೆ ಇಷ್ಟು ದುಡ್ಡಾ, ಫ್ರೇಮ್ ಇರೋದು ತಗೊಂಡಿದ್ರೆ ಮನೆ ಬರ್ಕೊಡ್ಬೇಕಿತ್ತೇನೋ" ಅಂದ. ಅಂಗಡಿಯವನಿಗೆ ಭಾಷೆ ಬರ್ಲಿಲ್ಲ, ಆದ್ರೂ ಅರ್ಥ ಆಯ್ತು ಅನ್ಸತ್ತೆ, ಕ್ಲೀನ್ ಮಾಡೋ ಬಟ್ಟೆ ಇನ್ನೊಂದು ಫ್ರೀ ಕೊಟ್ಟ.

ತೂಕದ ವಿಷ್ಯಕ್ಕೆ ಬಂದ್ರೆ ಫುಲ್ ಮಾರ್ಕ್ಸ್. ಅದಕ್ಕೂ ಮುಂಚೆ ನಾನು ಹಾಕ್ತಿದ್ದಿದ್ದು ಕಪ್ಪು ಪ್ಲಾಸ್ಟಿಕ್ಕು, ಸಂಜೆ ಹೊತ್ತಿಗೆ ಮೂಗಿನ ಎರಡೂ ಕಡೆ ಕೆಂಪಗೆ ಕಡ್ಲೆಬೇಳೆ ಅಂಟಿಸಿದ ಹಾಗೆ ಗುಳಿ ಬೀಳ್ತಿತ್ತು. ಇದನ್ನ ಹಾಕ್ಕೊಂಡ ಮೊದಲ ವಾರ ಎರಡು ಸಲ ಕನ್ನಡಕದ ಸಮೇತ ಮುಖ ತೊಳ್ಕೊಂಡೆ, ಒಂದು ಸಲ ಹಾಗೇ ಮಲಗಿದ್ದೆ. ಹಾಕಿರೋದೇ ನೆನಪಿರಲ್ಲ. ಆಗಸ್ಟ್ ತನಕ ಬೇರೆಯವ್ರಿಗೂ ನೆನಪಿರ್ಲಿಲ್ಲ, ಅಲ್ಲಿಗೆ ಮುಗೀತು ನೆಮ್ಮದಿ.

ಆ ಶುಕ್ರವಾರ ಬೆಳಗ್ಗೆ ನಾವು ಬ್ರೇಕ್ ರೂಮಲ್ಲಿ ಕಾಫಿ ಹಿಡ್ಕೊಂಡು ನಿಂತಿದ್ವಿ. ಡೇಟನ್‌ನಿಂದ ಲೈವ್, ನಮ್ಮೂರಿಂದ ಒಂದು ಎಪ್ಪತ್ತು ಮೈಲಿ. ಅವತ್ತು ಮೆಕೇನ್‌ಗೆ 72ನೇ ಹುಟ್ಟುಹಬ್ಬ ಬೇರೆ. ಪಕ್ಕದಲ್ಲಿ 44 ವರ್ಷದ ಒಬ್ಬ ಹೆಂಗಸು ಬಂದ್ರು, ಕೂದಲು ಮೇಲಕ್ಕೆತ್ತಿ ಕಟ್ಟಿದ್ರು, ಕನ್ನಡಕ ಇತ್ತು, ಇಡೀ ಬ್ರೇಕ್ ರೂಮು ಟೀವಿ ನೋಡೋದು ಬಿಟ್ಟು ನನ್ನ ಮುಖ ನೋಡ್ತು. ನಾನೂ ಅವತ್ತು ಕೂದಲು ಮೇಲೆ ಕಟ್ಟಿದ್ದೆ, ತಲೆಗೆ ಸ್ನಾನ ಮಾಡಿ ಒಣಗಿರ್ಲಿಲ್ಲ ಅಷ್ಟೇ ಕಾರಣ.

ನಮ್ಮ ಪ್ರಾಜೆಕ್ಟ್ ಹೇಗಿತ್ತು ಅಂದ್ರೆ, ಒಬ್ಬ ಜರ್ಮನ್ ಆರ್ಕಿಟೆಕ್ಟ್, ಒಬ್ಬ ಇಂಗ್ಲೆಂಡಿನ ಕಾಂಟ್ರಾಕ್ಟರ್, ಮಾಂಟ್ರಿಯಲ್‌ನ ಒಬ್ಬ ಹುಡುಗ, ಢಾಕಾದ ಒಬ್ಬಾಕೆ ಡೇಟಾಬೇಸ್ ನೋಡ್ಕೊಳ್ತಿದ್ಲು, ಯುಕ್ರೇನಿನ ಖಾರ್ಕಿವ್ ಕಡೆಯ ಒಬ್ಬ ಟೆಸ್ಟರ್, ಆಮೇಲೆ ನಾವು ಮೂರು ಜನ ಇಂಡಿಯಾದವ್ರು. ಒಬ್ರಿಗೂ ಓಟಿಲ್ಲ, ಎಲ್ರಿಗೂ ಅಭಿಪ್ರಾಯ ಇತ್ತು. ಆ ಅಭಿಪ್ರಾಯಾನ ಯಾರ ಹತ್ರ ಹೇಳ್ಬೇಕು? ಅಮೆರಿಕನ್ನರ ಹತ್ರ ಹೇಳಿದ್ರೆ ಮುಖ ಕೆಡತ್ತೆ, ಕೊಲಂಬಸ್ ಅಂದ್ರೆ ಪಕ್ಕದ ಕ್ಯೂಬಿಕಲ್ಲು ಡೆಮಾಕ್ರಾಟೋ ರಿಪಬ್ಲಿಕನ್ನೋ ಗೊತ್ತಾಗಲ್ಲ. ಅದಕ್ಕೆ ಎಲ್ರೂ ನನ್ನ ಹತ್ರ ಬರೋರು. ಕನ್ನಡಕ ಇದ್ಯಲ್ಲ, ಮಾತು ಶುರು ಮಾಡೋಕೆ ಸಲೀಸು. ಬ್ರೋಷರಲ್ಲಿ ಈ ಫೀಚರ್ ಬರ್ದಿರ್ಲಿಲ್ಲ.

ಇಂಗ್ಲೆಂಡಿನವನಿಗೆ ಇಡೀ ವಿಷ್ಯ ಒಂದು ಜೋಕು. ಅವ್ರ ದೇಶದಲ್ಲಿ ಪೇಲಿನ್ ಅಂದ್ರೆ ಮೈಕೆಲ್ ಪೇಲಿನ್, ಮಾಂಟಿ ಪೈಥಾನ್ ತಂಡದ ಕಾಮಿಡಿಯನ್ನು. ಜಗತ್ತಲ್ಲಿ ಅತಿ ತಮಾಷೆಯ ಪೇಲಿನ್ ಅನ್ನೋ ಪಟ್ಟ ಮೈಕೆಲ್ ಕೈತಪ್ಪಿ ಹೋಯ್ತು ಅನ್ನೋ ಅರ್ಥದಲ್ಲಿ ಅದೇ ತಂಡದ ಜಾನ್ ಕ್ಲೀಸ್ ಆವಾಗ ಒಂದು ಮಾತು ಹೇಳಿದ್ರು, ಇವ್ನು ಅದನ್ನ ದಿನಕ್ಕೆರಡು ಸಲ ಹೇಳೋನು, ತಾನೇ ಹುಟ್ಟಿಸಿದ ಹಾಗೆ. ಆಯಮ್ಮನ ಮಾತಿನ ಧಾಟಿ ಅಣಕಿಸೋದು ಇನ್ನೊಂದು. 'ಯೂ ಬೆಚ್ಚಾ' ಅಂತ, ಅಂದ್ರೆ 'ಖಂಡಿತ' ಅಂತ, ಮೂಗಲ್ಲಿ ಎಳೆಯೋದು. ಎಲ್ರೂ ನಗೋರು, ನಾನೂ ನಕ್ಕಿದೀನಿ. ಆದ್ರೆ ಒಂದಿನ ಕಾನ್ಫರೆನ್ಸ್ ಕಾಲ್ ಮುಗಿದ್ಮೇಲೆ ಮ್ಯೂಟ್ ಆಗಿದೆ ಅನ್ಕೊಂಡು ಇದೇ ಮಹಾಶಯ ನನ್ನ 'ವಿ' ಮತ್ತೆ 'ಡಬಲ್ಯೂ' ಉಚ್ಚಾರಣೆ ಅಣಕಿಸಿದ್ದು ಕಿವಿಗೆ ಬಿತ್ತು. ಅವತ್ತಿಂದ ಧಾಟಿ ಜೋಕಿಗೆ ನಂಗೆ ನಗು ಬರ್ಲಿಲ್ಲ, ಬರ್ಸಿದ್ರೂ ಬರ್ಲಿಲ್ಲ.

ಜರ್ಮನ್ ಬೇರೆ ತರದವನು. ಅವನು ಜೋಕ್ ಹೊಡೆಯೋನಲ್ಲ, ಆಡಿಟ್ ಮಾಡೋನು. ಜುಲೈ 24ಕ್ಕೆ ಒಬಾಮಾ ಬರ್ಲಿನ್‌ಗೆ ಹೋದಾಗ ಎರಡು ಲಕ್ಷ ಜನ ಸೇರಿದ್ರು, ಅದ್ರಲ್ಲಿ ಇವನ ತಂಗಿಯೂ ಇದ್ಲಂತೆ, ಹಾಗಾಗಿ ಮನೆಮಂದಿಯೆಲ್ಲಾ ಆ ಕಡೆ. ಪೇಲಿನ್ ಬಗ್ಗೆ ಅವನ ತಕರಾರು ಒಂದೇ, ಎಷ್ಟು ದೇಶ ನೋಡಿದಾರೆ? 2007ರಲ್ಲಿ ಅಲಾಸ್ಕಾ ನ್ಯಾಷನಲ್ ಗಾರ್ಡ್ ಸೈನಿಕರನ್ನ ನೋಡೋಕೆ ಕುವೈತು, ಜರ್ಮನಿ ಕಡೆ ಹೋಗಿ ಬಂದಿದ್ರಲ್ಲ ಅಂದ್ರೆ, ಮಿಲಿಟರಿ ಆಸ್ಪತ್ರೆ ನೋಡೋದು ದೇಶ ನೋಡ್ದಂಗಲ್ಲ ಅನ್ನೋನು. ಟೀವಿ ಪತ್ರಕರ್ತೆ ಕೇಟಿ ಕೂರಿಕ್ ಇಂಟರ್‌ವ್ಯೂನಲ್ಲಿ ಇದೇ ಪ್ರಶ್ನೆ ಬಂದಾಗ ಆಯಮ್ಮ ಹೇಳಿದ್ದು, ಕಾಲೇಜು ಮುಗಿಸ್ತಿದ್ದ ಹಾಗೆ ಅಪ್ಪ ಅಮ್ಮ ಪಾಸ್‌ಪೋರ್ಟು ಬ್ಯಾಗು ಕೊಟ್ಟು ಪ್ರಪಂಚ ಸುತ್ತಿ ಬಾ ಅನ್ನೋ ಮನೆತನದಿಂದ ನಾನು ಬಂದಿಲ್ಲ, ಜೀವನ ಪೂರ್ತಿ ದುಡಿದೋಳು ಅಂತ. ಜರ್ಮನ್‌ಗೆ ಇದು ನಾಚಿಕೆ ಇಲ್ಲದ ಉತ್ತರ. ನಂಗೆ ಹಾಗನ್ನಿಸ್ಲೇ ಇಲ್ಲ. ನಮ್ಮಪ್ಪ ಪಾಸ್‌ಪೋರ್ಟ್ ಮಾಡ್ಸಿದ್ದು ರಿಟೈರ್ ಆದ್ಮೇಲೆ, ಅದೂ ನಾನಿಲ್ಲಿದೀನಿ ಅನ್ನೋ ಕಾರಣಕ್ಕೆ. ನಾನು ಅಲ್ಲೀತನಕ ನೋಡಿದ್ದ ದೇಶ ಎರಡು, ನಮ್ದು ಮತ್ತೆ ಇದು, ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಸೇರ್ಸಿದ್ರೆ ಎರಡೂಕಾಲು. ಇದನ್ನ ಹೇಳ್ದೆ, ಅವನು "ನೀನೇನು ಉಪಾಧ್ಯಕ್ಷೆ ಆಗೋಕೆ ನಿಂತಿಲ್ವಲ್ಲ" ಅಂದ. ಅದೂ ಸರೀನೇ.

ಆದ್ರೆ ನ್ಯೂಸ್‌ಪೇಪರ್ ಪ್ರಶ್ನೆ ಇದ್ಯಲ್ಲ, ಅದ್ರಲ್ಲಿ ನಾನು ಪೂರ್ತಿ ಜರ್ಮನ್ ಪಾರ್ಟಿ. ಯಾವ ಪೇಪರ್ ಓದ್ತೀರಿ ಅಂತ ಕೇಳಿದ್ರೆ ಎಲ್ಲಾದನ್ನೂ, ಕಣ್ಮುಂದೆ ಬಂದಿದ್ದನ್ನೆಲ್ಲಾ ಅಂತ ಉತ್ತರ. ಕೂರಿಕ್ ಬಿಡ್ಲಿಲ್ಲ, ಒಂದೆರಡು ಹೆಸ್ರು ಹೇಳಿ ಅಂದ್ರು, ಮತ್ತೆ ಅದೇ. ಆಯಮ್ಮ ಓದಿದ್ದು ಜರ್ನಲಿಸಂ, ಆಂಕರೇಜ್‌ನ ಟೀವಿಯಲ್ಲಿ ಸ್ಪೋರ್ಟ್ಸ್ ಓದ್ತಿದ್ದವ್ರು. ತಮ್ಮ ವಸೀಲಾ ಊರಿನ ಫ್ರಾಂಟಿಯರ್ಸ್‌ಮನ್ ಪೇಪರ್ ಹೆಸ್ರು ಹೇಳಿದ್ರೂ ಮರ್ಯಾದೆ ಉಳೀತಿತ್ತು, ಸಣ್ಣ ಊರಿನೋಳು ಅಂತ ಊರೂರಲ್ಲಿ ಹೇಳ್ಕೊಂಡು ಬಂದಿದ್ದಕ್ಕೂ ಸರಿಹೋಗ್ತಿತ್ತು. ಇದಕ್ಕೆ ನಕ್ಕವ್ರ ಮೇಲೆ ನಂಗೇನೂ ಬೇಜಾರಿಲ್ಲ.

ಕನ್ನಡಕಕ್ಕೆ ವಾಪಸ್ ಬರ್ತೀನಿ. ಇದರ ದೊಡ್ಡ ತಲೆನೋವು ಲೆನ್ಸು. ರಿಮ್ ಇಲ್ಲ ಅಂದ್ಮೇಲೆ ಕಡ್ಡಿ ಎಲ್ಲಿ ಕೂರ್ಬೇಕು? ಗಾಜಿಗೇ ತೂತು ಕೊರೀಬೇಕು. ಆ ತೂತು ಕೊರೆಯೋನ ಕೈ ಒಂಚೂರು ಅಲ್ಲಾಡಿದ್ರೆ ಮುಗೀತು. ನಂದು ಎರಡೂ ಕಣ್ಣಿಗೂ ಮೈನಸ್ ನಾಲ್ಕೂವರೆ, ಅಂಚಲ್ಲಿ ಗಾಜು ದಪ್ಪ, ರಿಮ್ ಇದ್ರೆ ಅದು ಮುಚ್ಚೋಗತ್ತೆ, ಇಲ್ಲಿ ಸೈಡಿಂದ ನೋಡಿದ್ರೆ ಸೋಡಾ ಬಾಟ್ಲಿ ತಳ ಎದ್ದು ಕಾಣತ್ತೆ. ಪವರ್ ಜಾಸ್ತಿ ಇರೋರು ಹೈ ಇಂಡೆಕ್ಸ್, ಅಂದ್ರೆ ತೆಳ್ಳಗಿರೋ ಲೆನ್ಸಿಗೆ ದುಡ್ಡು ಹಾಕೋಕೆ ರೆಡಿ ಇದ್ರೆ ಮಾತ್ರ ಈ ಕಡೆ ಬನ್ನಿ. ಆಮೇಲೆ ಪವರ್ ಬದ್ಲಾದಾಗೆಲ್ಲಾ ಹೊಸಾ ಗಾಜು, ಹೊಸಾ ತೂತು, ಹೊಸಾ ಭಯ. ಒಂದ್ಸಲ ಒಂದು ಮಾಲಿನ ಆಪ್ಟಿಕಲ್ ಅಂಗಡಿಯಲ್ಲಿ ಮಾಡ್ಸಿದ್ದಕ್ಕೆ ಎಡಗಡೆ ತೂತು ಅರ್ಧ ಮಿಲಿಮೀಟರ್ ಮೇಲೆ ಹೋಗಿ, ಎರಡು ತಿಂಗಳು ನನ್ನ ಮುಖ ಸದಾ ಯಾವ್ದೋ ಅನುಮಾನದಲ್ಲಿರೋ ಹಾಗೆ ಕಾಣ್ತಿತ್ತು. ವಾಪಸ್ ತಗೊಂಡೋದ್ರೆ ನಿಮ್ಮ ಕಿವಿ ಮೇಲೆ ಕೆಳಗೆ ಇದೆ ಅಂದ್ರು.

ತಯಾರಿಕೆ ಬಗ್ಗೆ ಎರಡು ಮಾತು, ಯಾಕಂದ್ರೆ ಕಥೆ ಚೆನ್ನಾಗಿದೆ. ಡಿಸೈನ್ ಮಾಡಿದ ಕಝುವೊ ಕವಾಸಾಕಿ ಜಪಾನಿನ ಫುಕುಯಿ ಪ್ರಾಂತ್ಯದವ್ರು, ಚಿಕ್ಕ ವಯಸ್ಸಲ್ಲೇ ಆಕ್ಸಿಡೆಂಟ್ ಆಗಿ ಗಾಲಿಕುರ್ಚಿ ಹಿಡಿದವ್ರು, ತಾವೇ ಒಂದು ಹಗುರದ ಟೈಟಾನಿಯಂ ಗಾಲಿಕುರ್ಚಿ ಡಿಸೈನ್ ಮಾಡಿದ್ರು, ಅದು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿದೆ. ಮೈಗೆ ಅಂಟ್ಕೊಂಡಿರೋ ವಸ್ತು ಎಷ್ಟು ಹಗುರ ಇರ್ಬೇಕು ಅಂತ ಇವ್ರಿಗೆ ಗೊತ್ತಿದ್ದಷ್ಟು ಬೇರೆಯವ್ರಿಗೆ ಗೊತ್ತಿರೋಕೆ ಸಾಧ್ಯ ಇಲ್ಲ. ಫ್ರೇಮ್ ಮಾಡೋದು ಮಸುನಾಗಾ ಆಪ್ಟಿಕಲ್, ಅದೂ ಫುಕುಯಿನೇ. ಆ ಕಡೆ ಚಳಿಗಾಲದಲ್ಲಿ ಹಿಮ ಬಿದ್ದು ಗದ್ದೆ ಕೆಲ್ಸ ಇರಲ್ಲ, ರೈತರಿಗೆ ಕೈಗೊಂದು ಕೆಲ್ಸ ಆಗ್ಲಿ ಅಂತ 1905ರಲ್ಲಿ ಮಸುನಾಗಾ ಮನೆಯವ್ರು ಕನ್ನಡಕ ಮಾಡೋ ವಿದ್ಯೆ ತಂದ್ರು, ಈಗ ಜಪಾನಲ್ಲಿ ತಯಾರಾಗೋ ಫ್ರೇಮುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಅದೊಂದೇ ಪ್ರಾಂತ್ಯದ್ದು.

ಜಪಾನಿಗೆ ಪೇಲಿನ್ ಅಂದ್ರೆ ಏನು ಅಂತ ಕೇಳಿದ್ರೆ ಉತ್ತರ ಇದೇ, ಕನ್ನಡಕ. ಸೆಪ್ಟೆಂಬರಲ್ಲಿ ಅಮೆರಿಕದಿಂದ ಆರ್ಡರ್ ಮೇಲೆ ಆರ್ಡರ್ ಹೋಗಿ ಅವ್ರಿಗೆ ಸಪ್ಲೈ ಮಾಡೋಕಾಗ್ದೆ ಒದ್ದಾಡಿದ್ರು. ಇನ್ನೂ ಮಜಾ ಏನ್ ಗೊತ್ತಾ, ಅದೇ ಫುಕುಯಿಯಲ್ಲಿ ಒಬಾಮ ಅಂತ ಒಂದು ಊರಿದೆ, ಸಮುದ್ರದ ದಡದಲ್ಲಿ. ಬರೀ ಹೆಸ್ರು ಒಂದೇ ಅನ್ನೋದಕ್ಕೆ ಆ ಊರಿನವ್ರು ಬರಾಕ್ ಒಬಾಮಾ ಗೆಲ್ಲಲಿ ಅಂತ ಟೀ ಷರ್ಟ್ ಮಾರಿ, ಹುಲಾ ಡ್ಯಾನ್ಸ್ ಮಾಡಿ, ಟೀವಿಯವ್ರನ್ನೆಲ್ಲಾ ಕರೆಸ್ಕೊಂಡಿದ್ರು. ಒಂದೇ ಪ್ರಾಂತ್ಯ, ಆ ಮೂಲೆಯಲ್ಲಿ ಒಬಾಮಾಗೆ ಕುಣಿತ, ಈ ಮೂಲೆಯಲ್ಲಿ ಪೇಲಿನ್ ಫ್ರೇಮಿಗೆ ಪಾಲಿಶು. ಯಾರು ಗೆದ್ರೂ ಫುಕುಯಿಗೆ ನಷ್ಟ ಇಲ್ಲ. ಆ ಸೀಸನ್ನಲ್ಲಿ ಬುದ್ಧಿವಂತ ಫಾರಿನ್‌ನವ್ರು ಅಂದ್ರೆ ಇವ್ರೊಬ್ರೇ.

ಸೆಪ್ಟೆಂಬರ್ ಕೊನೇವಾರ ನ್ಯೂಯಾರ್ಕಲ್ಲಿ ವಿಶ್ವಸಂಸ್ಥೆ ಮೀಟಿಂಗು. ಪೇಲಿನ್‌ಗೆ ವಿದೇಶಾಂಗ ಅನುಭವ ಇಲ್ಲ ಅನ್ನೋ ಬಾಯಿ ಮುಚ್ಚಿಸೋಕೆ ಎರಡೇ ದಿನದಲ್ಲಿ ಸಾಲಾಗಿ ಭೇಟಿ ಇಟ್ರು, ಅಫ್ಘಾನಿಸ್ತಾನದ ಕರ್ಜಾಯಿ, ಕೊಲಂಬಿಯಾದ ಉರಿಬೆ, ಇರಾಕಿನ ತಲಬಾನಿ, ನಮ್ಮ ಮನಮೋಹನ್ ಸಿಂಗ್, ಮಧ್ಯೆ ಅಮೆರಿಕದ ಹಳೇ ವಿದೇಶಾಂಗ ಮಂತ್ರಿ ಕಿಸ್ಸಿಂಜರ್ ಬೇರೆ. ಬಸ್ ಸ್ಟ್ಯಾಂಡಲ್ಲಿ ಬಸ್ ನಿಂತಿರೋವಾಗ ಟೀ ಕುಡಿದಂಗೆ. ಮನಮೋಹನ್ ಸಿಂಗ್‌ರು ಎಂದಿನ ಹಾಗೆ ಏನೂ ಗೊತ್ತಾಗ್ದಂಗೆ ಬಂದು ಹೋದ್ರು, ಅವ್ರ ತಲೆಯಲ್ಲಿ ನ್ಯೂಕ್ಲಿಯರ್ ಡೀಲು ಪಾಸಾಗೋದಷ್ಟೇ ಇತ್ತು. ಎಡವಟ್ಟಾಗಿದ್ದು ಆಗಿನ ಪಾಕಿಸ್ತಾನದ ಅಧ್ಯಕ್ಷ, ಬೇನಜೀರ್ ಭುಟ್ಟೋ ಗಂಡ ಜರ್ದಾರಿಯವ್ರಿಂದ. ಕ್ಯಾಮೆರಾ ಮುಂದೆ, ನೀವು ಇನ್ನೂ ಚೆಲುವೆಯಾಗಿ ಕಾಣ್ತೀರಿ, ಅಮೆರಿಕ ನಿಮ್ಮ ಹಿಂದೆ ಯಾಕೆ ಹುಚ್ಚಾಗಿದೆ ಅಂತ ಈಗ ಗೊತ್ತಾಯ್ತು ಅಂದ್ಬಿಟ್ರು. ಪಕ್ಕದವನು ಫೋಟೋಗೆ ಕೈ ಕುಲುಕಿ ಅಂದ್ರೆ, ಇವನು ಒತ್ತಾಯ ಮಾಡಿದ್ರೆ ಅಪ್ಕೊಂಡ್ರೂ ಅಪ್ಕೋಬಹುದು ಅಂತ ಬೇರೆ.

ಆ ಶನಿವಾರ ನಾನು ಉದ್ದಿನಬೇಳೆ ತರೋಕೆ ಹೋಗಿದ್ದೆ. ನಾವು ಯಾವಾಗ್ಲೂ ಹೋಗೋ ಅಂಗಡಿ ಲಾಹೋರ್ ಕಡೆಯವ್ರದ್ದು, ಅರವತ್ತು ದಾಟಿದ ಯಜಮಾನ್ರು, ಬೇಳೆ ತೂಕಕ್ಕೆ ಒಂದು ಹಿಡಿ ಜಾಸ್ತೀನೇ ಹಾಕೋ ಮನುಷ್ಯ. ನನ್ನ ನೋಡ್ತಿದ್ದ ಹಾಗೆ ಕೌಂಟರ್ ಹಿಂದೆ ತಲೆ ತಗ್ಗಿಸ್ಬಿಟ್ರು. ನಾನು ಗಾಬರಿಯಾಗಿ ಏನಾಯ್ತು ಭಾಯಿಸಾಬ್ ಅಂದೆ. "ನಿಮ್ಮ ಕನ್ನಡಕ ನೋಡಿದ್ರೆ ನಂಗೇ ಮುಖ ತೋರ್ಸೋಕೆ ನಾಚಿಕೆ ಆಗತ್ತೆ ಬೆಹೆನ್‌ಜೀ, ಬೇನಜೀರ್ ಬೀಬಿ ಹೋಗಿ ಇನ್ನೂ ವರ್ಷ ತುಂಬಿಲ್ಲ, ಈ ಮನುಷ್ಯ ನೋಡಿ" ಅಂತ ಉರ್ದುವಿನಲ್ಲಿ ಗೊಣಗಿದ್ರು. ಪಾಕಿಸ್ತಾನದಲ್ಲೂ ಬೈದಿದ್ದೇ ಬೈದಿದ್ದು, ಲಾಲ್ ಮಸೀದಿಯ ಮೌಲ್ವಿಯಿಂದ ಹಿಡಿದು ಹೆಂಗಸರ ಹಕ್ಕಿನವ್ರ ತನಕ, ಯಾವತ್ತೂ ಒಂದಾಗದ ಎರಡು ಪಾರ್ಟಿ ಅವತ್ತು ಒಂದಾಯ್ತು. ಗಮನಿಸಿ, ಇಷ್ಟೆಲ್ಲಾ ಆದ್ರೂ ಪೇಲಿನ್ ಏನು ಮಾತಾಡಿದ್ರು, ಅಫ್ಘಾನ್ ಗಡಿ ಬಗ್ಗೆ ಏನಂದ್ರು, ಯಾರೂ ಕೇಳ್ಲಿಲ್ಲ. ಸೋಮವಾರ ಢಾಕಾದವಳಿಗೆ ಈ ಕಥೆ ಹೇಳಿದ್ರೆ ಅವಳು ಕೀಬೋರ್ಡಿಂದ ತಲೇನೂ ಎತ್ತದೆ, "1991ರಿಂದ ನಮ್ಮನ್ನ ಆಳ್ತಿರೋದೇ ಹೆಂಗಸ್ರು, ಇಬ್ರೂ ಒಬ್ರನ್ನೊಬ್ರು ಜೈಲಿಗೆ ಹಾಕೋಕೆ ನೋಡ್ತಾರೆ, ಚೆಂದ ಇದಾರಾ ಅಂತ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ" ಅಂದ್ಲು.

ನಮ್ಮಮ್ಮಂದು ಬೇರೆ ಲೈನು. ಭಾನುವಾರದ ಫೋನಲ್ಲಿ ಪೇಲಿನ್ ವಿಷ್ಯ ತೆಗೆದಿದ್ದು ಅಮ್ಮಾನೇ, ಟೀವಿಯಲ್ಲಿ ನೋಡಿದ್ರಂತೆ. "ಐದು ಮಕ್ಕಳಂತೆ ಕಣೇ, ಕಡೇದಕ್ಕೆ ಇನ್ನೂ ನಾಲ್ಕು ತಿಂಗಳಂತೆ, ಬಾಣಂತಿ ಹಸೀ ಮೈಯಲ್ಲಿ ಹಿಂಗೆ ಊರೂರು ಸುತ್ತೋದಾ, ಮನೇಲಿ ಹಿರಿಯರು ಯಾರೂ ಇಲ್ವಾ ಹೇಳೋಕೆ?" ಮಗು ಹುಟ್ಟಿದ್ದು ಏಪ್ರಿಲ್ 18ಕ್ಕೆ, ಮೂರೇ ದಿನಕ್ಕೆ ಆಯಮ್ಮ ವಾಪಸ್ ಆಫೀಸಿಗೆ ಹೋಗಿದ್ರು ಅಂತ ಹೇಳ್ದೆ, ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಕಿವಿಗೆ ಹತ್ತಿನಾದ್ರೂ ಇಟ್ಕೊಂಡಿದ್ಲಾ?" ಅಂದ್ರು. ಅಮ್ಮನಿಗೆ ರಿಪಬ್ಲಿಕನ್ನು ಡೆಮಾಕ್ರಾಟು ಗೊತ್ತಿಲ್ಲ. ಹಿರೀ ಮಗಳು ಹದಿನೇಳಕ್ಕೇ ಬಸುರಿ ಅನ್ನೋದು ಕೇಳಿ ಅಮ್ಮ ಬೈಯ್ಯಬಹುದು ಅನ್ಕೊಂಡೆ, "ಪಾಪ, ಎಷ್ಟೂಂತ ನೋಡ್ಕೊಳ್ತಾಳೆ" ಅಂದ್ರು ಅಷ್ಟೇ. ಇಡೀ ಯುರೋಪಿನ ಪೇಪರ್‌ಗಳಿಗಿಂತ ಮರ್ಯಾದಸ್ತ ಕಾಮೆಂಟು.

ಬಿಬಿಸಿಯವ್ರು ಸೆಪ್ಟೆಂಬರಲ್ಲಿ 22 ದೇಶದ ಒಂದು ಸಮೀಕ್ಷೆ ಬಿಟ್ಟಿದ್ರು. 22ರಲ್ಲಿ 22 ದೇಶಾನೂ ಒಬಾಮಾ ಕಡೆ, ಕೀನ್ಯಾದಲ್ಲಿ ಅಂತರ ಎಲ್ಲಕ್ಕಿಂತ ಜಾಸ್ತಿ, ಇಂಡಿಯಾದಲ್ಲಿ ಎಲ್ಲಕ್ಕಿಂತ ಕಮ್ಮಿ. ಜರ್ಮನ್ ಇದನ್ನ ಪ್ರಿಂಟ್ ತೆಗೆದು ತಂದು, ನೋಡು, ಪೇಲಿನ್ ಬಗ್ಗೆ ಜಗತ್ತು ಏನನ್ಕೊಂಡಿದೆ ಅಂದ. ಅವನಿಗೇ ಸಣ್ಣಕ್ಷರ ತೋರಿಸ್ದೆ, ಜನರನ್ನ ಕೇಳಿದ್ದು ಜುಲೈ, ಆಗಸ್ಟಲ್ಲಿ, ಅಷ್ಟು ಹೊತ್ತಿಗೆ ಆಯಮ್ಮ ಯಾರು ಅಂತಲೇ ಯಾರಿಗೂ ಗೊತ್ತಿರ್ಲಿಲ್ಲ. ಹುಡುಗಿ ನೋಡೋ ಶಾಸ್ತ್ರಕ್ಕೂ ಮುಂಚೆ ಬೇಡ ಅಂತ ತೀರ್ಮಾನ ಆಗಿತ್ತು, ಆಮೇಲೆ ಕನ್ನಡಕ, ಧಾಟಿ, ಪಾಸ್‌ಪೋರ್ಟು ಎಲ್ಲಾ ಸಿಕ್ಕಿದ ನೆಪ. ನಾನೇನು ಆಯಮ್ಮನ ಪಾರ್ಟಿ ಅಲ್ಲ, ಓಟಿದ್ದಿದ್ರೂ ಹಾಕ್ತಿರ್ಲಿಲ್ಲ. ಆದ್ರೆ ಬೈಯೋಕೆ ಒಳ್ಳೊಳ್ಳೆ ಕಾರಣ ಬಿದ್ದಿರೋವಾಗ ಇವ್ರು ಆರಿಸ್ಕೊಂಡಿದ್ದೆಲ್ಲಾ ನನ್ನನ್ನೂ ಬೈಯಬಹುದಾದ ಕಾರಣಗಳೇ ಅನ್ನೋದು ಚುಚ್ತಿತ್ತು. ಪೇಲಿನ್ ತಂಗಿಯ ಮಾಜಿ ಗಂಡ ಸ್ಟೇಟ್ ಟ್ರೂಪರ್, ಅಂದ್ರೆ ರಾಜ್ಯದ ಪೊಲೀಸು, ಅವನನ್ನ ಕೆಲಸದಿಂದ ತೆಗೆಸೋ ಒತ್ತಡದಲ್ಲಿ ಅಧಿಕಾರ ದುರುಪಯೋಗ ಆಗಿದೆ ಅಂತ ಅಲಾಸ್ಕಾ ಶಾಸನಸಭೆಯ ತನಿಖೆ ಅಕ್ಟೋಬರ್ 10ಕ್ಕೆ ಹೇಳ್ತು, ನವೆಂಬರ್ 3ಕ್ಕೆ ಅಲ್ಲಿನ ಪರ್ಸನೆಲ್ ಬೋರ್ಡಿನ, ಅಂದ್ರೆ ಸರ್ಕಾರಿ ನೌಕರರ ಮಂಡಳಿಯ ತನಿಖೆ ಏನೂ ತಪ್ಪಿಲ್ಲ ಅಂತು, ಇದ್ರ ಬಗ್ಗೆ ನಮ್ಮ ಬ್ರೇಕ್ ರೂಮಲ್ಲಿ ಒಂದು ಮಾತಿಲ್ಲ. ಪಾರ್ಟಿ ದುಡ್ಡಲ್ಲಿ ಒಂದೂವರೆ ಲಕ್ಷ ಡಾಲರಿನ ಬಟ್ಟೆ ತಗೊಂಡಿದ್ದು ಮಾತ್ರ ಎರಡು ವಾರ ನಡೀತು. ಕನ್ನಡಕ ಅದ್ರಲ್ಲಿ ಸೇರಿಲ್ಲ, ಅದು ಸ್ವಂತದ್ದು, ಅಲಾಸ್ಕಾದಿಂದಲೇ ಹಾಕ್ಕೊಂಡು ಬಂದಿದ್ದು.

ಆಯಮ್ಮನ ಕೆಲ್ಸದ ಬಗ್ಗೆ ಕೇಳಿದ್ದು ಅಂದ್ರೆ ಒಬ್ಬನೇ, ಕ್ಲೈಂಟ್ ಕಡೆಯಿಂದ ಒಂದು ವಾರಕ್ಕೆ ಬಂದಿದ್ದ ನಾರ್ವೆಯವನು. ಅವ್ರ ದೇಶದಲ್ಲೂ ಎಣ್ಣೆ, ಅಲಾಸ್ಕಾದಲ್ಲೂ ಎಣ್ಣೆ. 2007ರಲ್ಲಿ ಈ ರಿಪಬ್ಲಿಕನ್ ಗವರ್ನರ್ರೇ ಎಣ್ಣೆ ಕಂಪನಿಗಳ ಮೇಲೆ ಟ್ಯಾಕ್ಸ್ ಏರಿಸಿದ್ದು ಅವನಿಗೆ ಗೊತ್ತಿತ್ತು, 2008ರಲ್ಲಿ ಅಲಾಸ್ಕಾದ ಪ್ರತಿಯೊಬ್ರಿಗೂ ಡಿವಿಡೆಂಡ್ 2,069 ಡಾಲರು, ಅದ್ರ ಮೇಲೆ ಇನ್ನೂ 1,200, ಒಟ್ಟು 3,269 ಕೈಗೆ ಬಂತು ಅನ್ನೋದೂ ಗೊತ್ತಿತ್ತು. ನಾವು ಉಳಿಸ್ತೀವಿ, ಅವ್ರು ಹಂಚ್ತಾರೆ, ಯಾವ್ದು ಸರಿ ಅಂತ ಊಟದ ಹೊತ್ತಲ್ಲಿ ಅವನೊಬ್ಬನೇ ವಾದ ಹೂಡಿದ. ಉಳಿದವ್ರು ಯೂಟ್ಯೂಬಲ್ಲಿ, ಪೇಲಿನ್ ವೇಷ ಹಾಕ್ತಿದ್ದ ಕಾಮಿಡಿ ನಟಿ ಟೀನಾ ಫೇ ನೋಡ್ತಿದ್ರು.

ಟೀನಾ ಫೇ ಅಂದೆ ನೋಡಿ. 'ನಮ್ಮನೆಯಿಂದ ರಷ್ಯಾ ಕಾಣತ್ತೆ' ಅಂತ ಪೇಲಿನ್ ಹೇಳಿದ್ರು ಅಂತ ಈಗ್ಲೂ ನೂರಕ್ಕೆ ತೊಂಬತ್ತು ಜನ ಆಣೆ ಮಾಡ್ತಾರೆ. ಹೇಳಿದ್ದು ಟೀನಾ ಫೇ, ಸೆಪ್ಟೆಂಬರ್ 13ರ ಕಾಮಿಡಿ ಶೋನಲ್ಲಿ. ಪೇಲಿನ್ ಹೇಳಿದ್ದು ಅಲಾಸ್ಕಾದ ಒಂದು ದ್ವೀಪದಿಂದ ರಷ್ಯಾ ಕಾಣತ್ತೆ ಅಂತ, ಅದು ನಿಜವೇ, ಲಿಟ್ಲ್ ಡಯೋಮೀಡ್ ಅಮೆರಿಕದ್ದು, ಬಿಗ್ ಡಯೋಮೀಡ್ ರಷ್ಯಾದ್ದು, ಮಧ್ಯೆ ನಾಲ್ಕು ಕಿಲೋಮೀಟರ್ ಕೂಡ ಇಲ್ಲ. ಕಾಣತ್ತೆ ಅನ್ನೋದನ್ನ ವಿದೇಶಾಂಗ ಅನುಭವದ ಲೆಕ್ಕಕ್ಕೆ ಹಾಕಿದ್ದು ತಮಾಷೆ, ಅದು ಬೇರೆ ವಿಷ್ಯ. ಈ ಜೋಕಿಗೆ ನಮ್ಮಲ್ಲಿ ನಗದವನು ಒಬ್ಬನೇ, ಖಾರ್ಕಿವ್‌ನ ಟೆಸ್ಟರ್. ಮೊದ್ಲೇ ಮಾತು ಕಮ್ಮಿ. ಜಾರ್ಜಿಯಾದಲ್ಲಿ ಯುದ್ಧ ಆಗಿ ಆಗ ಇನ್ನೂ ಎರಡು ತಿಂಗಳಾಗಿರ್ಲಿಲ್ಲ. ಒಂದಿನ ಎಲ್ರೂ ಬಿದ್ದು ಬಿದ್ದು ನಗ್ತಿರೋವಾಗ ಅವನು ಕಪ್ಪು ತೊಳೀತಾ, "ನಮ್ಮೂರಿಂದ ಗಡಿ ನಲವತ್ತು ಕಿಲೋಮೀಟರು. ನಮ್ಮನೆಯಿಂದ್ಲೂ ರಷ್ಯಾ ಕಾಣತ್ತೆ, ಅದಕ್ಕೇ ನಂಗೆ ನಗು ಬರಲ್ಲ" ಅಂದ. ಅಕ್ಟೋಬರ್ 21ಕ್ಕೆ ನೆವಾಡಾದ ರೀನೋದಲ್ಲಿ ಪೇಲಿನ್, ಒಬಾಮಾ ಹೀಗೇ ಮೆತ್ತಗಿದ್ರೆ ಪುಟಿನ್ ಮುಂದೆ ಯುಕ್ರೇನಿಗೆ ನುಗ್ಗಬಹುದು ಅನ್ನೋ ತರ ಮಾತಾಡಿದ್ರು. ತಿಳಿದವ್ರು ಅಂತ ಇರೋರೆಲ್ಲಾ ಅದೆಂಥ ವಿಚಿತ್ರ ಕಲ್ಪನೆ ಅಂದ್ರು, ನಾನೂ ಅಂದೆ. 2014ರಲ್ಲಿ ಕ್ರೈಮಿಯಾ ಆದಾಗ ಆಯಮ್ಮ, ನಾನು ಅವತ್ತೇ ಹೇಳಿದ್ದೆ ಅಂತ ಫೇಸ್‌ಬುಕ್ಕಲ್ಲಿ ಹಾಕಿದ್ರು. ನಾನು ಟೆಸ್ಟರ್‌ಗೆ ಮೆಸೇಜ್ ಮಾಡ್ದೆ, ಅವನು ಉತ್ತರ ಕೊಡ್ಲಿಲ್ಲ. 2022ರ ಫೆಬ್ರವರಿಯಲ್ಲಿ ಮತ್ತೆ ಮಾಡ್ದೆ. ಅಮ್ಮನ್ನ ಪೋಲೆಂಡಿಗೆ ಕರ್ಕೊಂಡು ಬಂದಿದೀನಿ ಅಂತ ಮೂರು ದಿನ ಬಿಟ್ಟು ಒಂದೇ ಸಾಲು ಬಂತು.

ಮಾಂಟ್ರಿಯಲ್ ಹುಡುಗನ ಕಥೆ ಹೇಳ್ದೆ ಬಿಟ್ರೆ ಅವನು ಬೇಜಾರು ಮಾಡ್ಕೊಳ್ತಾನೆ. ನವೆಂಬರ್ 1ಕ್ಕೆ ಅವ್ರೂರಿನ ಇಬ್ರು ರೇಡಿಯೋ ಕಾಮಿಡಿಯನ್ನುಗಳು ಫ್ರಾನ್ಸಿನ ಅಧ್ಯಕ್ಷ ಸಾರ್ಕೋಜಿ ಅಂತ ಹೇಳ್ಕೊಂಡು ಪೇಲಿನ್‌ಗೆ ಫೋನ್ ಮಾಡಿ ಆರೇಳು ನಿಮಿಷ ಆಟ ಆಡ್ಸಿದ್ರು. ಹೆಲಿಕಾಪ್ಟರಲ್ಲಿ ಬೇಟೆಗೆ ಹೋಗೋಣ ಅಂದ್ರು, ನಮ್ಮನೆಯಿಂದ ಬೆಲ್ಜಿಯಂ ಕಾಣತ್ತೆ ಅಂದ್ರು, ಆಯಮ್ಮ ಎಲ್ಲಾದಕ್ಕೂ ನಗ್ತಾ ಹೂಂಗುಟ್ಟಿದ್ರು. ಸೋಮವಾರ ಈ ಹುಡುಗ ಹೆಡ್‌ಫೋನ್ ತಂದು ಒಬ್ಬೊಬ್ರ ಕಿವಿಗೂ ಸಿಗಿಸಿ, ನಾವು ಬೆಲ್ಜಿಯಂ ಹತ್ರ ನಕ್ರೆ, "ಅಲ್ಲಲ್ಲ, ಅಲ್ಲಿ ನಗ್ಬೇಡಿ, ಇಲ್ಲಿ" ಅಂತ ಹಿಂದಕ್ಕೆ ಓಡ್ಸಿ ತೋರ್ಸ್ದ. ಕೆನಡಾದ ಪ್ರಧಾನಿ ಸ್ಟೆಫ್ ಕಾರ್ಸ್ ಅಂತ ಒಂದು ಹೆಸ್ರು ಬರತ್ತೆ. ಅವನು ಕ್ವಿಬೆಕ್‌ನ ಒಬ್ಬ ಹಾಡುಗಾರ. ಆಗ ನಿಜವಾದ ಪ್ರಧಾನಿ ಸ್ಟೀಫನ್ ಹಾರ್ಪರ್. ಅಲಾಸ್ಕಾಗೆ ನೆಲದ ಗಡಿ ಇರೋದು ಕೆನಡಾ ಜೊತೆ ಮಾತ್ರ, ಆ ಪಕ್ಕದ್ಮನೆ ಯಜಮಾನನ ಹೆಸ್ರು ತಪ್ಪಿದ್ರೂ ಆಯಮ್ಮಂಗೆ ಗೊತ್ತಾಗ್ಲಿಲ್ಲ. ಸರಿ, ಆದ್ರೆ ನಮಗೂ ಯಾರಿಗೂ ಗೊತ್ತಾಗಿರ್ಲಿಲ್ಲವಲ್ಲ, ಆರು ದೇಶದವ್ರು ಸುತ್ತ ನಿಂತಿದ್ವಿ, ಹಾರ್ಪರ್ ಹೆಸ್ರು ಹೇಳ್ದೋನು ಜರ್ಮನ್ ಒಬ್ಬನೇ. ಮಾಂಟ್ರಿಯಲ್ ಹುಡುಗ ಅವತ್ತೆಲ್ಲಾ ಯಾರ ಜೊತೇನೂ ಊಟಕ್ಕೆ ಬರ್ಲಿಲ್ಲ.

ಅದಕ್ಕೂ ಮೂರು ದಿನ ಮುಂಚೆ ಹ್ಯಾಲೋವೀನು. ಶುಕ್ರವಾರ, ಪ್ರೊಡಕ್ಷನ್ ರಿಲೀಸ್ ಬೇರೆ, ನಾನು ಎಂದಿನ ಕಪ್ಪು ಜಾಕೆಟ್ ಹಾಕಿ ಕೂದಲು ಕಟ್ಟಿ ಆಫೀಸಿಗೆ ಹೋದೆ. ಮಧ್ಯಾಹ್ನ ಎಚ್ಆರ್‌ನವ್ರು ಮೈಕಲ್ಲಿ ನನ್ನ ಹೆಸ್ರು ಕೂಗಿ ವೇಷಕ್ಕೆ ಮೂರನೇ ಬಹುಮಾನ ಅಂದ್ರು. ನಾನು ವೇಷ ಹಾಕಿಲ್ಲ ಅಂದ್ರೆ ಅದೂ ಆ್ಯಕ್ಟಿಂಗ್ ಅನ್ಕೊಂಡು ಚಪ್ಪಾಳೆ ಹೊಡೆದ್ರು. ಹತ್ತು ಡಾಲರಿನ ಗಿಫ್ಟ್ ಕಾರ್ಡು. ಫ್ರೇಮಿನ ಬೆಲೆಯಲ್ಲಿ ಅಷ್ಟು ವಸೂಲಾಯ್ತು ಅಂತ ನನ್ನ ಗಂಡ ಈಗ್ಲೂ ಲೆಕ್ಕ ಹೇಳ್ತಾನೆ.

ಬಾಳಿಕೆ ಹೇಳ್ದೆ ರಿವ್ಯೂ ಮುಗಿಸಿದ್ರೆ ತಪ್ಪಾಗತ್ತೆ. 2010ರಲ್ಲಿ ಮಗಳು ಹುಟ್ಟಿದ್ಲು, ಅಮ್ಮ ಬಾಣಂತನಕ್ಕೆ ಬಂದ್ರು. ಈ ದೇಶದ ಕಾನೂನಲ್ಲಿ ಹನ್ನೆರಡು ವಾರ ರಜಾ, ಅದೂ ಸಂಬಳ ಇಲ್ದೆ. ನಮಗಾಗ ಮನೆ ಸಾಲ ಹೊಸದು, ಎಂಟನೇ ವಾರಕ್ಕೆ ನಾನು ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೇರಿಸ್ದೆ. ಅಮ್ಮ ಮಗೂನ ಎತ್ಕೊಂಡು ಬಾಗಿಲ ಹತ್ರ ನಿಂತು, "ಆ ಕನ್ನಡಕದೋಳ್ನ ನಾನು ಸುಮ್ನೆ ಬೈದೆ" ಅಂದ್ರು. ನಾನು ಮಗಳಿಗೆ ಮುತ್ತು ಕೊಡೋಕೆ ಬಗ್ಗಿದೆ, ಅವಳು ಬಲಗಡೆ ಕಡ್ಡಿ ಹಿಡಿದು ಎಳೆದ್ಲು ನೋಡಿ, ಎಳೆದು ಹೊರಗಡೆಗೆ ಬಗ್ಗಿಸಿದ್ಲು. ಬೇರೆ ಕನ್ನಡಕ ಆಗಿದ್ರೆ ಅವತ್ತೇ ತಿಥಿ. ಇದು ಬಿಟ್ಟ ತಕ್ಷಣ ವಾಪಸ್ ತನ್ನ ಜಾಗಕ್ಕೆ ಬಂತು. ಟೈಟಾನಿಯಂ ಈಗ್ಲೂ ಬಣ್ಣ ಬಿಟ್ಟಿಲ್ಲ, ಬೆವರಿಗೆ ಹಸಿರುಗಟ್ಟಿಲ್ಲ. ಗಾಜು ಐದು ಸಲ ಬದ್ಲಾಯ್ಸಿದೀನಿ, ಅದ್ರಲ್ಲಿ ಒಂದು ತೂತಿನ ಹತ್ರ ಸೀಳು ಬಿಟ್ಟಿದ್ದು. ಮೂಗಿನ ಪ್ಯಾಡು ಮಾತ್ರ ವರ್ಷಕ್ಕೊಂದ್ಸಲ ಹಳದಿಯಾಗತ್ತೆ, ಎಂಟು ಡಾಲರ್ ಕೊಟ್ಟು ಹಾಕ್ಸಿ, ಆಪ್ಟಿಕಲ್ ಅಂಗಡಿಯವ್ರು ಫ್ರೀ ಹಾಕ್ಕೊಡ್ತೀವಿ ಅಂದ್ರೆ ಯಾವ ಪ್ಯಾಡು ಅಂತ ಮೊದ್ಲು ನೋಡಿ, ದಪ್ಪ ಪ್ಯಾಡ್ ಹಾಕಿದ್ರೆ ಗಾಜು ರೆಪ್ಪೆಯಿಂದ ದೂರ ಹೋಗಿ ಓದೋವಾಗ ಕತ್ತು ನೋವು ಬರತ್ತೆ.